ಹಳೆಯ ಫಾರ್ಗೋಗೆ ಸರಿಯಾದ ಸಾಮಾನು

ಮುಂಬಯಿಯ ಆಪೆರಾ ಹೌಸ್ ಸುತ್ತಲಿನ ಬೀದಿಗಳಿರಲಿ, ಕುರ್ಲಾದ ಸಿ.ಎಸ್.ಟಿ. ರಸ್ತೆಯಿರಲಿ, ಪುಣೆಯ ನಾನಾ ಪೇಠೆಯಿರಲಿ, ವಾಹನದ ಬಿಡಿಭಾಗ ಮಾರುವ ಅಂಗಡಿಯ ಮುಂದೆ ನಿಂತ ಕೂಡಲೇ ಕೇಳಿಬರುವ ಮೊದಲ ಪ್ರಶ್ನೆ ಒಂದೇ: ಗಾಡಿ ಯಾವುದು? ಇಂದಿನ ವಾಹನವಾದರೆ ಆ ಪ್ರಶ್ನೆಗೆ ಕೊಡುವ ಉತ್ತರದಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ. ಹೆಸರು, ವರ್ಷ, ಮಾಡೆಲ್ ಹೇಳಿದರೆ ಹುಡುಗ ಅಟ್ಟ ಹತ್ತಿ ಡಬ್ಬಿ ಇಳಿಸುತ್ತಾನೆ. ಎಪ್ಪತ್ತು ವರ್ಷ ದಾಟಿದ ಲಾರಿಯ ವಿಷಯದಲ್ಲಿ ಹಾಗಾಗುವುದಿಲ್ಲ. ಹೆಸರು ಹೇಳಿದರೆ ಸಾಮಾನೇನೋ ಸಿಗುತ್ತದೆ, ಎಷ್ಟೋ ಸಲ ಅದು ಜಾಗದಲ್ಲಿ ಕೂರುತ್ತದೆ ಕೂಡ, ಆದರೂ ಅದು ಆ ಲಾರಿಯ ಸಾಮಾನಾಗಿರುವುದಿಲ್ಲ. ಕೂರುವುದಕ್ಕೂ ಸರಿಯಾಗಿರುವುದಕ್ಕೂ ನಡುವೆ ಇರುವ ಈ ಅಂತರ ಇತ್ತೀಚಿನ ವರ್ಷಗಳಲ್ಲಿ ನನ್ನನ್ನು ಬಹಳವಾಗಿ ಕಾಡಿದೆ.

ಲಾರಿ ನನ್ನ ಸೋದರಮಾವನ ಮನೆಯದು. ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದ ಅವರ ತಂದೆ ಮಾಟುಂಗಾದ ಉಡುಪಿ ಹೋಟೆಲುಗಳಿಗೆ ಭಾಯಖಳಾ ಮಾರುಕಟ್ಟೆಯಿಂದ ತರಕಾರಿಯನ್ನೂ ಮಸೀದಿ ಬಂದರಿನಿಂದ ಬೇಳೆ, ಅಕ್ಕಿಯನ್ನೂ ಸಾಗಿಸುತ್ತಿದ್ದ ಮುಕ್ಕಾಲು ಟನ್ನಿನ ಫಾರ್ಗೋ. ನೋಂದಣಿ ಪುಸ್ತಕದ ಪ್ರಕಾರ 1951ರದು. ಮರದ ಹಲಗೆಯ ಹಾಸು, ಮುಂದೆ ದುಂಡನೆಯ ಬಾನೆಟ್, ಒಳಗೆ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ದುಡಿಮೆ ಮುಗಿದ ಮೇಲೆ ಪನವೇಲದ ಬಳಿಯ ಶೆಡ್ಡೊಂದರಲ್ಲಿ ದಶಕಗಳ ಕಾಲ ನಿಂತಿದ್ದ ಅದನ್ನು ಮತ್ತೆ ರಸ್ತೆಗಿಳಿಸಬೇಕೆಂದು ಮಾವ ನಿಶ್ಚಯಿಸಿದಾಗ ಸಾಮಾನು ಹುಡುಕುವ ಹೊಣೆ ನನ್ನದಾಯಿತು.

ಕಾಗದದ ಹೆಸರು, ಕಬ್ಬಿಣದ ಅಳತೆ

ಫಾರ್ಗೋ ಎಂಬುದು ಅಮೆರಿಕದ ಕ್ರೈಸ್ಲರ್ ಸಂಸ್ಥೆ ಡಾಡ್ಜ್ ಲಾರಿಗಳಿಗೇ ಕೊಟ್ಟ ಇನ್ನೊಂದು ಹೆಸರು. 1944ರಲ್ಲಿ ವಾಲಚಂದ್ ಹೀರಾಚಂದ್ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ 1947ರಿಂದ ಕುರ್ಲಾದಲ್ಲಿ ಈ ಬಳಗದ ವಾಹನಗಳನ್ನು ಜೋಡಿಸತೊಡಗಿತು. ಭಾಗಗಳು ಹಡಗಿನಲ್ಲಿ ಬಂದು ಇಲ್ಲಿ ಒಂದಾಗುತ್ತಿದ್ದವು. ಹಾಗಾಗಿ ಮುಂಬಯಿಯ ಹಳೆಯ ವ್ಯಾಪಾರಿಗಳಿಗೆ ಡಾಡ್ಜ್, ಫಾರ್ಗೋ, ಡಿಸೊಟೊ ಎಲ್ಲವೂ ಒಂದೇ ಮನೆಯ ಮಕ್ಕಳು. ಒಂದರ ಸಾಮಾನು ಇನ್ನೊಂದಕ್ಕೆ ಆಗುತ್ತದೆ ಎಂಬುದು ಅವರ ಅನುಭವದ ಮಾತು. ಬಹುಪಾಲು ಅದು ನಿಜವೂ ಹೌದು. ತೊಂದರೆ ಬರುವುದು ಉಳಿದ ಪಾಲಿನಲ್ಲಿ.

ನಮ್ಮ ಲಾರಿಯ ಎಂಜಿನ್ನನ್ನು ಕಾಗದಗಳು 218 ಎಂದು ಗುರುತಿಸುತ್ತವೆ. ಅದು ಘನ ಇಂಚುಗಳಲ್ಲಿ ಹೇಳಿದ ಗಾತ್ರ. ಆದರೆ ಆ ಗಾತ್ರದ ಎಂಜಿನ್ ಕ್ರೈಸ್ಲರಿನಲ್ಲಿ ಒಂದಲ್ಲ, ಎರಡು. ಅಮೆರಿಕದಲ್ಲಿ ತಯಾರಾದದ್ದರ ಸಿಲಿಂಡರ್ ಹೆಡ್, ಅಂದರೆ ಎಂಜಿನ್ನಿನ ಮೇಲ್ಮುಚ್ಚಳ, ಸುಮಾರು 23 ಇಂಚು ಉದ್ದ, ಬೋರು (ಸಿಲಿಂಡರಿನ ಒಳವ್ಯಾಸ) 3¼ ಇಂಚು, ಸ್ಟ್ರೋಕು (ಪಿಸ್ಟನ್ ಚಲಿಸುವ ದೂರ) 4⅜ ಇಂಚು. ಕೆನಡಾದ ವಿಂಡ್ಸರಿನಲ್ಲಿ ತಯಾರಾದದ್ದರ ಹೆಡ್ 25 ಇಂಚು, ಬೋರು 3⅜, ಸ್ಟ್ರೋಕು 4 1/16. ಗುಣಿಸಿ ನೋಡಿದರೆ ಒಂದು 217.8, ಇನ್ನೊಂದು 218.1, ಕಾಗದದ ಮೇಲೆ ಎರಡೂ 218. ಬಲಬದಿ ಸ್ಟಿಯರಿಂಗಿನ ವಾಹನಗಳು ಕೆನಡಾದಿಂದಲೂ ಈ ಕಡೆಯ ದೇಶಗಳಿಗೆ ಬರುತ್ತಿದ್ದವು, ನಮ್ಮದರ ಎಂಜಿನ್ ಆ ಕಡೆಯದೇ. ಪಿಸ್ಟನ್, ರಿಂಗ್, ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಅಡಿಗೆ ಹಾಸುವ, ಸೋರಿಕೆ ತಡೆಯುವ ಹಾಳೆ), ಕ್ರ್ಯಾಂಕ್ ಯಾವುದೂ ಒಂದರದು ಇನ್ನೊಂದಕ್ಕೆ ಆಗುವುದಿಲ್ಲ.

ಮುಂಬಯಿಯಲ್ಲಿ ಸುಲಭವಾಗಿ ಸಿಗುವುದು 23 ಇಂಚಿನ ಎಂಜಿನ್ನಿನ ಸಾಮಾನು. ಕಾರಣ ಸ್ಪಷ್ಟ. ಎರಡನೆಯ ಮಹಾಯುದ್ಧದಲ್ಲಿ ಬಳಕೆಯಾದ ಡಾಡ್ಜ್ ಸೇನಾ ಲಾರಿಗಳಲ್ಲಿ ಹೆಚ್ಚಿನವುಗಳಲ್ಲಿ ಇದ್ದದ್ದು ಅದೇ ಬಳಗದ 230 ಘನ ಇಂಚಿನ ಎಂಜಿನ್, ಮತ್ತು ಸೇನೆಗಾಗಿ ತಯಾರಾದ ಬಿಡಿಭಾಗಗಳ ರಾಶಿ ಜಗತ್ತಿನಾದ್ಯಂತ ಇನ್ನೂ ಕರಗಿಲ್ಲ. ಆಪೆರಾ ಹೌಸ್ ಬಳಿಯ ಅಂಗಡಿಗಳಲ್ಲಿ ಡಾಡ್ಜ್ 218ರ ಹೆಡ್ ಗ್ಯಾಸ್ಕೆಟ್ ಎಂದು ಕೇಳಿದಲ್ಲೆಲ್ಲ, ಇದ್ದವರು ತೆಗೆದುಕೊಟ್ಟದ್ದು 23 ಇಂಚಿನದೇ. ಅವರಲ್ಲಿ ಯಾರೂ ಮೋಸ ಮಾಡಲು ಹೊರಟವರಲ್ಲ. ಡಬ್ಬಿಯ ಮೇಲೆ ಡಾಡ್ಜ್ 218 ಎಂದೇ ಬರೆದಿತ್ತು.

ಕೊನೆಗೆ ಒಬ್ಬ ವಯಸ್ಸಾದ ಬೋಹ್ರಾ ವ್ಯಾಪಾರಿ ಸಿಕ್ಕರು. ಅಂಗಡಿ ಎಂದರೆ ಎರಡು ಮಾರು ಅಗಲದ ಓಣಿಯಂಥ ಕೋಣೆ. ಎರಡೂ ಗೋಡೆಗಳಿಗೆ ಸೂರಿನವರೆಗೆ ಮರದ ಗೂಡುಗಳು, ಸೂರಿಗೆ ಬಡಿದ ಮೊಳೆಗಳಿಂದ ತೂಗುಬಿಟ್ಟ ಗ್ಯಾಸ್ಕೆಟ್‌ಗಳು. ನಾನು ಫಾರ್ಗೋ ಎಂದು ಹೇಳಿ ಮುಗಿಸುವ ಮೊದಲೇ ಅವರು ಕೇಳಿದರು: "ಹೆಡ್ ಎಷ್ಟು ಇಂಚಿನದು?" ಆ ಪ್ರಶ್ನೆಯನ್ನು ಅಷ್ಟು ಅಂಗಡಿಗಳಲ್ಲಿ ಬೇರೆ ಯಾರೂ ಕೇಳಿರಲಿಲ್ಲ. 25 ಎಂದೆ. ಅವರು ಮೂಲೆಯಲ್ಲಿದ್ದ ಬಿದಿರಿನ ಕೋಲು ತೆಗೆದುಕೊಂಡು, ಸೂರಿನ ಹಿಂದಿನ ಸಾಲಿನಿಂದ ತಾಮ್ರದ ಹೊದಿಕೆಯ ಗ್ಯಾಸ್ಕೆಟ್ ಒಂದನ್ನು ಇಳಿಸಿ, ಮೇಜಿನ ಮೇಲೆ ಹರವಿ, ಅಂಗೈಯಿಂದ ಧೂಳು ಒರೆಸಿದರು. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ ಅಕ್ಷರ ಒಂದೂ ಉಳಿದಿರಲಿಲ್ಲ. ಟೇಪು ಹಿಡಿದೆವು. ಉದ್ದ ಸರಿ, ಬೋರಿನ ತೂತು ಸರಿ. ನಾನು ಕಾಗದದಲ್ಲಿ ಅಚ್ಚೊತ್ತಿಕೊಂಡು ಹೋಗಿದ್ದ ಹೆಡ್ಡಿನ ನಕ್ಷೆಯನ್ನು ಅದರ ಮೇಲಿಟ್ಟು ನೀರಿನ ತೂತುಗಳನ್ನು ಒಂದೊಂದಾಗಿ ಹೊಂದಿಸಿದೆವು. ಅವೂ ಸರಿ. ಹೆಸರಿಲ್ಲದ ಸಾಮಾನು ಅಳತೆಯಿಂದ ತನ್ನ ಗುರುತು ಹೇಳಿತು, ಹೆಸರಿದ್ದವು ಹೇಳಿರಲಿಲ್ಲ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಎರಕದ ಭಾಗಗಳ ಮೈಮೇಲೆ ಉಬ್ಬಿ ಕಾಣುವ ಸಂಖ್ಯೆಯನ್ನೇ ಪಾರ್ಟ್ ನಂಬರ್ ಎಂದು ಬರೆದುಕೊಂಡು ಅಂಗಡಿಗೆ ಹೋಗುವವರು ಬಹಳ ಮಂದಿ. ಅದು ಸಾಮಾನ್ಯವಾಗಿ ಅಚ್ಚಿನ ಸಂಖ್ಯೆ. ಒಂದೇ ಎರಕವನ್ನು ಬೇರೆ ಬೇರೆ ಬಗೆಯಲ್ಲಿ ಕೊರೆದು, ಬೇರೆ ಬೇರೆ ಪಾರ್ಟ್ ನಂಬರಿನ ಭಾಗಗಳನ್ನು ಮಾಡುತ್ತಾರೆ. ಎಂಜಿನ್ನಿನ ಎಡಬದಿಯಲ್ಲಿ ಮುಂದೆ, ಡೈನಮೋದ ಮೇಲೆ, ಹೆಡ್ಡಿನ ಸ್ವಲ್ಪ ಕೆಳಗೆ ಸಪಾಟಾಗಿ ಕೆತ್ತಿದ ಪುಟ್ಟ ಜಾಗದಲ್ಲಿ 'ಟಿ' ಅಕ್ಷರದಿಂದ ಶುರುವಾಗುವ ಸಂಖ್ಯೆಯನ್ನು ಒತ್ತಿರುತ್ತಾರೆ. ಲಾರಿ ಎಂಜಿನ್ನಿನ ನಿಜವಾದ ಗುರುತು ಅದು. ನೋಂದಣಿ ಪುಸ್ತಕದಲ್ಲಿರುವುದೂ ಅದೇ. ಅದಕ್ಕೆ ಹೊಂದುವ ಬ್ಲಾಕನ್ನು, ಅಂದರೆ ಎಂಜಿನ್ನಿನ ಮುಖ್ಯ ಎರಕದ ಮೈಯನ್ನು, ಉಳಿಸಿಕೊಳ್ಳಲು ನಾವು ಇಷ್ಟು ಕಷ್ಟಪಟ್ಟದ್ದಕ್ಕೆ ಅದೂ ಒಂದು ಕಾರಣ.

ಪಂಪಿನ ಹಿಂದಿನ ಕೊಳವೆ

ಎಂಜಿನ್ ಬಿಚ್ಚುತ್ತಿದ್ದವರು ಕಳಂಬೋಲಿಯಲ್ಲಿ ಗ್ಯಾರೇಜು ಇಟ್ಟಿರುವ ವಿಜಯಪುರದ ಕಡೆಯ ಮೇಸ್ತ್ರಿ. ಅವರ ಕೈ ಪಳಗಿದ್ದು ಟಾಟಾ ಮತ್ತು ಲೇಲ್ಯಾಂಡ್ ಡೀಸೆಲ್ ಎಂಜಿನ್ನುಗಳಲ್ಲಿ. ಹಿಂದಿನ ಎರಡು ಸಿಲಿಂಡರುಗಳ ಎಕ್ಸಾಸ್ಟ್ ವಾಲ್ವುಗಳು (ಉರಿದ ಹೊಗೆಯನ್ನು ಹೊರಬಿಡುವ ಕವಾಟಗಳು) ಸುಟ್ಟು ಅಂಚು ಹರಿದಿದ್ದವು. ಮುಂದಿನವು ಚೆನ್ನಾಗಿಯೇ ಇದ್ದವು. ಇದಕ್ಕೆ ಕಾರಣವೇನೆಂದು ನೋಡಲು ರೇಡಿಯೇಟರನ್ನೂ ನೀರಿನ ಪಂಪನ್ನೂ ತೆಗೆದಾಗ ಬ್ಲಾಕಿನ ಮುಖದಲ್ಲಿ, ಪಂಪು ಮುಚ್ಚಿಕೊಂಡಿದ್ದ ಕಡೆ, ಉದ್ದುದ್ದನೆಯ ತೂತೊಂದು ಕಾಣಿಸಿತು. ಅದರ ತುಂಬ ತುಕ್ಕಿನ ಕೆಸರು. ಮೇಸ್ತ್ರಿ ಟಾರ್ಚ್ ಬಿಟ್ಟು ಬಹಳ ಹೊತ್ತು ಅದರೊಳಗೆ ನೋಡಿದರು. "ಸರ್, ಇದರಾಗ ಏನರ ಇದ್ದೇ ಇರಬೇಕ್ರೀ. ಖಾಲಿ ಬಿಡಾಕ ಇಷ್ಟು ದೊಡ್ಡ ತೂತು ಯಾಕ ಇಡತಾರ?" ಎಂದರು.

ಅವರ ಊಹೆ ನಿಜವಾಗಿತ್ತು. ಕ್ರೈಸ್ಲರಿನ ಈ ಎಂಜಿನ್ನುಗಳಲ್ಲಿ ವಾಲ್ವುಗಳು ಹೆಡ್ಡಿನಲ್ಲಿರದೆ ಬ್ಲಾಕಿನಲ್ಲೇ ಕೂರುತ್ತವೆ, ಆದ್ದರಿಂದ ಎಕ್ಸಾಸ್ಟಿನ ಬಿಸಿಯೆಲ್ಲ ಬ್ಲಾಕಿಗೇ. ಪಂಪಿನಿಂದ ಬರುವ ತಣ್ಣೀರು ಮುಂದಿನ ಸಿಲಿಂಡರಿನ ಹತ್ತಿರವೇ ಖರ್ಚಾಗದೆ ಕೊನೆಯವರೆಗೆ ತಲುಪಲೆಂದು ಬ್ಲಾಕಿನ ಒಳಗೆ ಉದ್ದಕ್ಕೂ ತಗಡಿನ ಚಪ್ಪಟೆ ಕೊಳವೆಯೊಂದನ್ನು ತೂರಿಸಿರುತ್ತಾರೆ. ಅದರಲ್ಲಿನ ಸೀಳುಗಳು ಒಂದೊಂದು ಎಕ್ಸಾಸ್ಟ್ ವಾಲ್ವಿನ ಸೀಟಿಗೂ ನೇರವಾಗಿ ನೀರು ಹಾಯಿಸುತ್ತವೆ. ಕೊಳವೆ ತುಕ್ಕು ಹಿಡಿದು ಕರಗಿದರೆ ಹೊರಗೆ ಏನೂ ಸೋರುವುದಿಲ್ಲ, ಸದ್ದೂ ಬರುವುದಿಲ್ಲ. ಹಿಂದಿನ ವಾಲ್ವುಗಳು ಮೆಲ್ಲಗೆ ಸುಡುತ್ತಾ ಹೋಗುತ್ತವೆ. ಈ ಎಂಜಿನ್ನನ್ನು ಹಿಂದೆ ರಿಪೇರಿ ಮಾಡಿದವರು ವಾಲ್ವು ಬದಲಿಸಿದ್ದರು, ಸೀಟು ಕೊರೆದಿದ್ದರು. ಕೊಳವೆಯ ತಂಟೆಗೆ ಹೋದ ಗುರುತು ಇರಲಿಲ್ಲ.

ಅದನ್ನು ಹೊರತೆಗೆಯುವುದೇ ಒಂದು ಕೆಲಸವಾಯಿತು. ಮೇಸ್ತ್ರಿ ಕಬ್ಬಿಣದ ಸರಳಿನ ತುದಿಯನ್ನು ಕಾಯಿಸಿ, ಕೊಕ್ಕೆ ಬಗ್ಗಿಸಿ, ಒಂದು ಸೀಳಿಗೆ ಸಿಕ್ಕಿಸಿ ಎಳೆದರು. ಅಂಗೈಯಗಲದ ತುಂಡು ಬಂತು. ಮತ್ತೆ ಎಣ್ಣೆ ಬಿಟ್ಟು, ಮತ್ತೆ ಸರಳು ಹಾಕಿ, ಕೆಲವು ಕಡೆ ಬೆರಳುಗಳಿಂದಲೇ ಕಿತ್ತು, ಚೂರುಚೂರಾಗಿ ಅದನ್ನು ತೆಗೆದರು. ಚೂರುಗಳನ್ನು ಬಂದ ಕ್ರಮದಲ್ಲೇ ಹಳೆಯ ವಾರ್ತಾಪತ್ರಿಕೆಯ ಮೇಲೆ ಜೋಡಿಸುತ್ತಾ ಹೋದೆ. ಮುಂದಿನ ಅರ್ಧ ಗುರುತು ಸಿಗುವಷ್ಟು ಉಳಿದಿತ್ತು. ಹಿಂದಿನ ಅರ್ಧ ಕೆಂಪು ಪುಡಿ.

ಸೇನಾ ಡಾಡ್ಜಿಗೆಂದು ಮಾಡಿದ ಹೊಸ ಕೊಳವೆ ಒಬ್ಬರ ಬಳಿ ಇತ್ತು. ತಂದು ತೂರಿಸಿದರೆ ಸರಾಗವಾಗಿ ಒಳಗೆ ಹೋಯಿತು, ಪಂಪು ಅದರ ಮೇಲೆ ಚೆನ್ನಾಗಿ ಕುಳಿತುಕೊಂಡಿತು. ಆದರೆ ಅದು 23 ಇಂಚಿನ ಎಂಜಿನ್ನಿನದು. ಅದರಲ್ಲಿ ಸಿಲಿಂಡರುಗಳು ಒತ್ತೊತ್ತಾಗಿರುತ್ತವೆ, ನಮ್ಮದರಲ್ಲಿ ಸ್ವಲ್ಪ ದೂರ ದೂರ. ಮುಂದಿನ ಸೀಳು ವಾಲ್ವಿನ ಎದುರಿಗೇ ಬಂದರೂ ಹಿಂದೆ ಹೋದಂತೆ ಅಂತರ ಬೆಳೆಯುತ್ತದೆ, ಕೊನೆಯ ಸಿಲಿಂಡರಿನ ಹತ್ತಿರ ಸೀಳಿನ ಬಾಯಿ ಬೇರೆಲ್ಲಿಗೋ ತೆರೆದಿರುತ್ತದೆ. ಅಂದರೆ ಯಾವ ಎರಡು ವಾಲ್ವುಗಳು ಸುಟ್ಟಿದ್ದವೋ ಅವೇ ಮತ್ತೆ ಸುಡುತ್ತವೆ. ಹೊಚ್ಚ ಹೊಸದಾದ, ಅಚ್ಚುಕಟ್ಟಾಗಿ ತಯಾರಾದ, ಸಲೀಸಾಗಿ ಕೂರುವ ಸಾಮಾನು ಎಷ್ಟು ತಪ್ಪಾಗಿರಬಹುದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ಭಾಗವೊಂದು ಏನು ಕೆಲಸ ಮಾಡುತ್ತದೆ ಎಂದು ತಿಳಿಯದೆ ಅದನ್ನು ಹುಡುಕಲು ಹೊರಡಬಾರದು ಎಂದು ನಾನು ಗಟ್ಟಿಯಾಗಿ ನಂಬಿರುವುದು ಆ ಕೊಳವೆಯಿಂದ.

ಕೊನೆಗೆ ಕೊಳವೆಯನ್ನು ಮಾಡಿಕೊಟ್ಟದ್ದು ಪುಣೆಯ ಕಸಬಾ ಪೇಠೆಯ ತಾಂಬಟ ಆಳಿ. ತಾಮ್ರದ ಹಂಡೆ, ಕೊಡಗಳನ್ನು ಬಡಿಯುವ ಸದ್ದು ಇಂದಿಗೂ ಕೇಳುವ ಓಣಿ ಅದು. ಹೆಡ್ ತೆಗೆದಿದ್ದ ಬ್ಲಾಕಿನಲ್ಲಿ ಆರೂ ಎಕ್ಸಾಸ್ಟ್ ವಾಲ್ವುಗಳ ನಡುಬಿಂದುವನ್ನು ಮುಂದಿನ ಮುಖದಿಂದ ಅಳೆದು, ಉಳಿದ ಚೂರುಗಳ ಅಂಚಿನ ಮೇಲೆ ಸೀಳುಗಳ ಅಗಲವನ್ನು ಗುರುತಿಸಿ, ರಟ್ಟಿನಲ್ಲಿ ಪೂರ್ಣ ಗಾತ್ರದ ಮಾದರಿ ಕತ್ತರಿಸಿಕೊಂಡು ಹೋಗಿದ್ದೆ. ಅಲ್ಲಿಯ ಕುಶಲಕರ್ಮಿ ಅದನ್ನು ಹಿತ್ತಾಳೆಯ ತಗಡಿನ ಮೇಲಿಟ್ಟು ಮೊಳೆಯಿಂದ ಗೀರಿ, ಸೀಳುಗಳನ್ನು ಮೊದಲೇ ಕತ್ತರಿಸಿ, ಆಮೇಲೆ ಮರದ ಅಚ್ಚಿನ ಸುತ್ತ ತಗಡನ್ನು ಮಡಚಿ ಬೆಸೆದರು. ಸೀಳಿನ ಅಂಚುಗಳನ್ನು ಒಳಗಿನಿಂದಲೂ ಅರದಿಂದ ಉಜ್ಜಿ ನಯಗೊಳಿಸಿದರು. ಅದನ್ನು ನಾನು ಕೇಳಿರಲಿಲ್ಲ. ಎಂಜಿನ್ನಿನ ಒಳಗೆ ಯಾರೂ ನೋಡದ ಜಾಗದಲ್ಲಿರುವ ಆ ಕೊಳವೆ, ಇಡೀ ಲಾರಿಯಲ್ಲಿ ಅತ್ಯಂತ ಸರಿಯಾಗಿರುವ ಭಾಗ ಎಂದು ನನಗೆ ತೋರುತ್ತದೆ.

ಪಕ್ಕದ ಭಾಗಕ್ಕೆ ಆಗುವ ಹಾನಿ

ತಪ್ಪು ಸಾಮಾನು ತಾನು ಕೆಡುವುದಕ್ಕಿಂತ ಹೆಚ್ಚಾಗಿ ಪಕ್ಕದ್ದನ್ನು ಕೆಡಿಸುತ್ತದೆ. ಹೆಡ್ಡಿನ ಬೋಲ್ಟುಗಳನ್ನೇ ನೋಡಿ. ಅವು 7/16 ಇಂಚಿನವು, ಇಂಚಿಗೆ 14 ಎಳೆ (ಬೋಲ್ಟಿನ ಮೈಮೇಲಿನ ಸುರುಳಿ ಗೆರೆ). ಹಿಂದೊಮ್ಮೆ ಯಾರೋ ಒಂದು ಬೋಲ್ಟ್ ಸಿಗದೆ 12 ಮಿಲಿಮೀಟರಿನದನ್ನು ಹಾಕಲು ಬ್ಲಾಕಿನ ತೂತಿಗೆ ಹೊಸ ಎಳೆ ಕೊರೆದಿದ್ದರು. ಬೋಲ್ಟ್ ದಪ್ಪವಾದ್ದರಿಂದ ಹೆಡ್ಡಿನ ತೂತನ್ನೂ ದೊಡ್ಡದು ಮಾಡಿದ್ದರು. ಒಂದು ಬೋಲ್ಟಿಗಾಗಿ ಎರಡು ಮುಖ್ಯ ಎರಕಗಳಿಗೆ ಗಾಯ. ಅದನ್ನು ಸರಿಪಡಿಸಲು ತೂತನ್ನು ಇನ್ನಷ್ಟು ಕೊರೆದು, ಸುರುಳಿ ತಂತಿಯ ಇನ್ಸರ್ಟ್ ಕೂರಿಸಿ 7/16ಕ್ಕೆ ಮರಳಿಸಬೇಕಾಯಿತು.

ಎಳೆಗಳ ವಿಷಯ ಇನ್ನೂ ಸೂಕ್ಷ್ಮ. ಅಮೆರಿಕದ ಎಳೆಯ ಕೋನ 60 ಡಿಗ್ರಿ, ಬ್ರಿಟಿಷರ ವ್ಹಿಟ್‌ವರ್ತ್ ಎಳೆಯದು 55. 3/8 ಇಂಚಿನ ಒರಟು ಎಳೆಯಲ್ಲಿ ಎರಡಕ್ಕೂ ಇಂಚಿಗೆ 16 ಎಳೆಗಳೇ, ಆದ್ದರಿಂದ ಒಂದರ ನಟ್ಟು ಇನ್ನೊಂದರ ಬೋಲ್ಟಿಗೆ ಹತ್ತಿಬಿಡುತ್ತದೆ. ಹತ್ತುತ್ತದೆ, ಬಿಗಿಯೂ ಆಗುತ್ತದೆ, ಆದರೆ ಎಳೆಯ ಮೈ ಪೂರ್ತಿಯಾಗಿ ಕೂಡಿಕೊಳ್ಳುವುದಿಲ್ಲ. ಅರ್ಧ ಇಂಚಿಗೆ ಬಂದರೆ ಒಂದರದು 13, ಇನ್ನೊಂದರದು 12. ಅಲ್ಲಿ ಎರಡೇ ಸುತ್ತಿನಲ್ಲಿ ಕಚ್ಚಿಕೊಂಡು ಗುಟ್ಟು ರಟ್ಟಾಗುತ್ತದೆ. ಅಮೆರಿಕ, ಬ್ರಿಟನ್, ಕೆನಡಾ ಮೂರೂ ಸೇರಿ ಒಂದೇ ಎಳೆಯ ಕ್ರಮಕ್ಕೆ ಒಪ್ಪಿದ್ದು 1948ರಲ್ಲಿ. ಮುಂಬಯಿಯ ಹಳೆಯ ಡಬ್ಬಿಗಳಲ್ಲಿ ಅದಕ್ಕೂ ಹಿಂದಿನವು, ಮುಂದಿನವು, ಮೆಟ್ರಿಕ್ ಎಲ್ಲವೂ ಬೆರೆತಿರುತ್ತವೆ. ಎಳೆ ಅಳೆಯುವ ಗೇಜು ಜೇಬಿನಲ್ಲಿರದೆ ಚೋರ್ ಬಜಾರಿಗೆ ಬೋಲ್ಟ್ ಕೊಳ್ಳಲು ಹೋಗಬೇಡಿ.

ವಿದ್ಯುತ್ತಿನ ವಿಷಯವೂ ಹೀಗೆಯೇ. ಆ ಕಾಲದ ಕ್ರೈಸ್ಲರ್ ವಾಹನಗಳು ಸಾಮಾನ್ಯವಾಗಿ 6 ವೋಲ್ಟಿನವು, ಬ್ಯಾಟರಿಯ ಪಾಸಿಟಿವ್ ತುದಿಯನ್ನು ಚಾಸಿಗೆ ಕಟ್ಟಿರುತ್ತಾರೆ. ಸೆಲ್ಫ್ (ಸ್ಟಾರ್ಟರ್ ಮೋಟಾರು) ಎತ್ತುವುದಿಲ್ಲ ಎಂಬ ದೂರಿಗೆ ಎಲ್ಲರೂ ಕೊಡುವ ಸಲಹೆ 12 ವೋಲ್ಟಿಗೆ ಬದಲಾಯಿಸಿ ಎಂಬುದು. ಬದಲಾಯಿಸಿದರೆ ಬಲ್ಬುಗಳು, ಡೈನಮೋ, ಕಟೌಟ್ (ಬ್ಯಾಟರಿಯ ಕರೆಂಟು ಡೈನಮೋಗೆ ಹಿಂದಿರುಗದಂತೆ ತಡೆಯುವ ಸ್ವಿಚ್ಚು), ಇಗ್ನಿಷನ್ ಕಾಯಿಲ್ ಎಲ್ಲವನ್ನೂ ಬದಲಾಯಿಸಬೇಕು, ಪೆಟ್ರೋಲ್ ಗೇಜಿಗೆ ಬೇರೆ ಏರ್ಪಾಡು ಬೇಕು. ನಮ್ಮ ಲಾರಿಯಲ್ಲಿ ನಿಜವಾಗಿ ಕೆಟ್ಟಿದ್ದದ್ದು ಬ್ಯಾಟರಿಯಿಂದ ಸೆಲ್ಫಿಗೆ ಹೋಗುವ ತಂತಿ. ಅಷ್ಟೇ ಶಕ್ತಿಗೆ 6 ವೋಲ್ಟಿನಲ್ಲಿ ಎರಡರಷ್ಟು ಕರೆಂಟು ಹರಿಯಬೇಕು, ಆದ್ದರಿಂದ ತಂತಿ ಬಹಳ ದಪ್ಪವಿರಬೇಕು. ಯಾರೋ ಇಂದಿನ ಕಾರಿನ ತಂತಿ ಹಾಕಿದ್ದರು. ದಪ್ಪ ತಾಮ್ರದ ತಂತಿ ಹಾಕಿ, ಚಾಸಿಗೆ ಕಟ್ಟುವ ಜಾಗದ ಬಣ್ಣ ಕೆರೆದ ಮೇಲೆ ಅದೇ ಹಳೆಯ ಸೆಲ್ಫ್ ಎಂಜಿನ್ನನ್ನು ತಿರುಗಿಸಿತು.

ಹಳೆಯದು ಸಲ್ಲದ ಕಡೆ

ಇಷ್ಟೆಲ್ಲ ಹೇಳಿದರೂ, ಕಂಪನಿಯ ಹಳೆಯ ಮಾಲೇ ಯಾವಾಗಲೂ ಶ್ರೇಷ್ಠ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬ್ರೇಕಿನ ರಬ್ಬರ್ ಬಟ್ಟಲುಗಳು, ಹೋಸ್‌ಗಳು ಮುದ್ರೆ ಒಡೆಯದ ಡಬ್ಬಿಯಲ್ಲಿ ಸಿಕ್ಕರೆ ನೋಡಲು ಸಂತೋಷವಾಗುತ್ತದೆ, ಬಳಸಲು ಅಲ್ಲ. ರಬ್ಬರಿಗೆ ಡಬ್ಬಿಯೊಳಗೂ ವಯಸ್ಸಾಗುತ್ತದೆ. ಚಕ್ರದಲ್ಲಿ ಬ್ರೇಕನ್ನು ಒತ್ತುವ ವ್ಹೀಲ್ ಸಿಲಿಂಡರಿನ ಎರಕದ ಮೈಯನ್ನು ಉಳಿಸಿ, ಒಳಗೆ ಸ್ಟೇನ್‌ಲೆಸ್ ಸ್ಟೀಲಿನ ಸ್ಲೀವ್ ಹಾಕಿ ಮೊದಲಿನ ಬೋರಿಗೇ ತಂದು, ರಬ್ಬರನ್ನು ಮಾತ್ರ ಇಂದಿನದನ್ನು ಹಾಕಿಸಿದೆವು. ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸುವ ಅಭ್ಯಾಸವನ್ನು ಮೇಸ್ತ್ರಿಗೆ ಹೇಳಿ ಬಿಡಿಸಿದೆ, ಒದ್ದೆ ಬಟ್ಟೆಯಿಂದ ಒರೆಸಿ ಚೀಲಕ್ಕೆ ಕಟ್ಟಿದೆವು. ಬೇರಿಂಗುಗಳ ವಿಷಯದಲ್ಲಿ ಚಿಂತೆಯೇ ಇರಲಿಲ್ಲ: ಟಿಮ್ಕೆನ್ ಬೇರಿಂಗಿನ ಕೋನಿನ (ಒಳಬಳೆಯ) ಮೇಲೂ ಕಪ್‌ನ (ಹೊರಬಳೆಯ) ಮೇಲೂ ಕೆತ್ತಿದ ಸಂಖ್ಯೆ ಜಗತ್ತಿಗೆಲ್ಲ ಒಂದೇ, ನಾನಾ ಪೇಠೆಯಲ್ಲಿ ಸಂಖ್ಯೆ ಹೇಳಿ ಕೊಂಡು ತಂದೆ.

ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮಾತ್ರ ಸೀಳಿತ್ತು, ಬೆಸುಗೆ ನಿಲ್ಲುತ್ತಿರಲಿಲ್ಲ. ಹೊಸದನ್ನು ಎರಕ ಹೊಯ್ಯಿಸಲು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದಕ್ಕೆ ಕಳಿಸಿದೆವು. ಹಳೆಯದನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆಯಬಾರದು ಎಂದು ಅಲ್ಲಿಯ ಪ್ಯಾಟರ್ನ್ ಮಾಡುವವರು ಮೊದಲೇ ಹೇಳಿದರು. ಎರಕದ ಕಬ್ಬಿಣ ಆರುವಾಗ ಅಡಿಗೆ ಸುಮಾರು ⅛ ಇಂಚು ಕುಗ್ಗುತ್ತದೆ. ಎರಡಡಿ ಉದ್ದದ ಮ್ಯಾನಿಫೋಲ್ಡ್ ಕಾಲು ಇಂಚು ಗಿಡ್ಡವಾಗಿ ಹುಟ್ಟುತ್ತದೆ, ಕೊನೆಯ ಪೋರ್ಟುಗಳು ಬ್ಲಾಕಿನ ಪೋರ್ಟುಗಳಿಗೆ ಎದುರಾಗುವುದಿಲ್ಲ. ಅವರು ಅಷ್ಟನ್ನು ಸೇರಿಸಿ ಮರದಲ್ಲಿ ಪ್ಯಾಟರ್ನ್ ಮಾಡಿದರು, ಮುಖಗಳನ್ನು ಕೊರೆಯಲು ಬೇರೆ ದಪ್ಪ ಬಿಟ್ಟರು. ಬಂದ ಮ್ಯಾನಿಫೋಲ್ಡ್ ಸ್ಟಡ್‌ಗಳ ಮೇಲೆ ತಾನಾಗಿ ಇಳಿಯಿತು.

ಇಂಥ ಫಾರ್ಗೋ, ಡಾಡ್ಜ್‌ಗಳಲ್ಲಿ ಎಷ್ಟೋ ಗಾಡಿಗಳಿಗೆ ಮುಂದೆ ಪರ್ಕಿನ್ಸ್ ಪಿ6 ಡೀಸೆಲ್ ಎಂಜಿನ್ ಕೂರಿಸಿದರು. ಮದ್ರಾಸಿನ ಸಿಂಪ್ಸನ್ ಅದನ್ನು ಇಲ್ಲಿಯೇ ತಯಾರಿಸುತ್ತಿತ್ತು. ಅಂಥ ಲಾರಿಯನ್ನು ಮರುಜೋಡಿಸುವವರು ಪರ್ಕಿನ್ಸನ್ನು ಕಿತ್ತು ಪೆಟ್ರೋಲ್ ಎಂಜಿನ್ ಹುಡುಕಬೇಕೇ ಎಂದು ಪರಿಚಿತರೊಬ್ಬರು ಕೇಳಿದರು. ಬೇಡವೆಂದೆ. ತನ್ನ ಆಯುಸ್ಸಿನ ಬಹುಭಾಗವನ್ನು ಆ ಎಂಜಿನ್ನಿನಲ್ಲೇ ದುಡಿದ ಲಾರಿಗೆ ಅದೇ ಸರಿಯಾದ ಎಂಜಿನ್. ನಮ್ಮ ಲಾರಿಯ ಹಲಗೆಯ ಹಾಸೂ ಡೆಟ್ರಾಯಿಟಿನ ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಕಟ್ಟಿದ್ದು ಮುಂಬಯಿಯ ಬಡಗಿಗಳು. ಚಾಸಿನ ಮೇಲಿನ ತೂತುಗಳನ್ನೂ ಉಳಿದಿದ್ದ ಒಂದೆರಡು ಸಾಗುವಾನಿ ಅಡ್ಡಪಟ್ಟಿಗಳನ್ನೂ ನೋಡಿ, ಅದೇ ಅಳತೆಗೆ ಅದನ್ನು ಮತ್ತೆ ಕಟ್ಟಿಸಿದ್ದೇವೆ.

ಈಗ ಉಳಿದಿರುವುದು ಹಿಂದಿನ ಎಡ ಚಕ್ರದ ಸ್ಟಡ್‌ಗಳು, ಅಂದರೆ ಚಕ್ರವನ್ನು ಹಿಡಿಯುವ ನಟ್ಟುಗಳು ಕೂರುವ ಬೋಲ್ಟುಗಳು. ಚಕ್ರ ತಿರುಗುವಾಗ ನಟ್ಟು ಸಡಿಲವಾಗದಿರಲೆಂದು ಕ್ರೈಸ್ಲರಿನವರು ಎಡಬದಿಯ ಚಕ್ರಗಳಿಗೆ ಎಡಸುತ್ತಿನ ಎಳೆ ಕೊಡುತ್ತಿದ್ದರು. ಅದನ್ನು ತಿಳಿಯದ ಯಾರೋ ಪಾನಾಕ್ಕೆ ಪೈಪು ಸಿಕ್ಕಿಸಿ ಉಲ್ಟಾ ತಿರುಗಿಸಿ ಕೆಲವು ಸ್ಟಡ್ ಮುರಿದಿದ್ದಾರೆ, ಆ ಜಾಗಕ್ಕೆ ಬಲಸುತ್ತಿನವನ್ನು ಹಾಕಿದ್ದಾರೆ. ಒಂದೇ ಚಕ್ರದಲ್ಲಿ ಎರಡೂ ಬಗೆ ಇರುವುದು ಅಪಾಯ, ಮುಂದೆ ಪಂಕ್ಚರ್ ಹಾಕುವವನೂ ಅದೇ ತಪ್ಪು ಮಾಡುತ್ತಾನೆ. ಲೇಥಿನಲ್ಲಿ ಸಾದಾ ಸರಳಿನಿಂದ ಕೊರೆದುಕೊಡುತ್ತೇವೆ ಎಂದವರು ಭೋಸರಿಯಲ್ಲಿ ಸಿಕ್ಕರು. ಬೇಡವೆಂದೆ, ಚಕ್ರದ ಸ್ಟಡ್ಡಿಗೆ ಬೇಕಾದ್ದು ಹದ ಹಾಕಿದ ಗಟ್ಟಿ ಉಕ್ಕು, ಮತ್ತು ಕೊರೆದದ್ದಕ್ಕಿಂತ ಒತ್ತಿ ಮೂಡಿಸಿದ ಎಳೆ. ಅವು ಸಿಗುವವರೆಗೆ ಲಾರಿಯನ್ನು ರಸ್ತೆಗೆ ತರುವುದಿಲ್ಲವೆಂದು ಮಾವ ಒಪ್ಪಿದ್ದಾರೆ. ಇದನ್ನು ಓದುವವರ ಪೈಕಿ ಯಾರ ಹಿತ್ತಲಲ್ಲಾದರೂ ಹಳೆಯ ಡಾಡ್ಜ್ ಅಥವಾ ಫಾರ್ಗೋ ಲಾರಿಯ ಹಿಂದಿನ ಹಬ್ ಬಿದ್ದಿದ್ದರೆ, ಸ್ಟಡ್ಡಿನ ತುದಿಯನ್ನು ತಂತಿಬ್ರಷ್‌ನಿಂದ ಉಜ್ಜಿ 'ಎಲ್' ಅಕ್ಷರ ಇದೆಯೇ ಎಂದು ನೋಡಿ ತಿಳಿಸಿ. ಅಳತೆ ತೆಗೆದುಕೊಳ್ಳಲು ನಾನೇ ಬರುತ್ತೇನೆ.